ಫೋನಿಗೆ ಸಿಕ್ಕಿದ ಸೀರೆ

ಗೆಳೆಯರೇ, ಸರ್ಕಾರಿ ಬೆಂಬಲದ ಗೂಢಚಾರ ತಂತ್ರಾಂಶ ಫೋನಿನೊಳಗೆ ಹೊಕ್ಕಿರಬಹುದು ಎಂದು ಇವತ್ತು ಬೆಳಿಗ್ಗೆ ಫೋನ್ ಕಂಪನಿಯಿಂದಲೇ ನನಗೊಂದು ಎಚ್ಚರಿಕೆ ಬಂತು. ನಾನು ಜಮಖಂಡಿಯ ವಕೀಲೆ. ಕಕ್ಷಿದಾರರ ಗುಟ್ಟೆಲ್ಲ ಅದರಲ್ಲೇ ಇದೆ.

ಮಧ್ಯಾಹ್ನ ಬನಹಟ್ಟಿಗೆ ಹೋದೆ. ಸರ್ಕಾರದ ಮೇಲೆ ದಾವೆ ಹೂಡಿರುವ ನೇಕಾರ್ತಿ ಕಸ್ತೂರವ್ವ, ಸಾಕ್ಷಿ ನುಡಿಯಲು ಒಪ್ಪಿದವರು ಯಾರೆಂದು ಹೇಳುವವರಿದ್ದರು. ಎಚ್ಚರಿಕೆಯ ವಿಷಯ ತಿಳಿಸಿದೆ.

“ಮನಿ ಹೊಕ್ಕು ಝಡತಿ ಮಾಡಾಕ ಬಂದ ಪೊಲೀಸ್ರೂ ಕೋರ್ಟಿನ ಕಾಗದ ತೋರಸ್ತಾರ. ಇದರಾಗ ಹೊಕ್ಕವ್ರು ಯಾರಿಗಿ ಏನ ತೋರಿಸ್ಯಾರ್ರಿ, ಅಕ್ಕಾರ?”

ಫೋನನ್ನು ಹೊರಗಿಡಲು ಹೋದೆ.

“ಬ್ಯಾಡ್ರಿ. ಚೀಲದಾಗ ಹಾಕ್ಕೊಂಡು ಒಳಗ ಬರ್ರಿ. ಅವ್ರೂ ಕೇಳ್ಲಿ.”

ಒಳಗೆ ಎಂಟು ವಿದ್ಯುತ್ ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ಕಿಟಕಿಯ ಬಿಸಿಲಿನಲ್ಲಿ ನೂಲಿನ ಧೂಳು ಮೆಲ್ಲಗೆ ತೇಲುತ್ತಿತ್ತು. ಆ ಸದ್ದಿನಲ್ಲೇ ದಿನ ಕಳೆಯುವವರು ಬೆರಳು, ಹುಬ್ಬು, ತುಟಿಗಳಲ್ಲಿ ಮಾತಾಡುತ್ತಾರೆ. ಕಸ್ತೂರವ್ವನ ಕೈಗಳು ಎದ್ದವು. ಯಾರದೋ ನಡಿಗೆ, ಯಾರದೋ ನಗು, ಯಾರೋ ಸೆರಗು ಹೊದೆಯುವ ಬಗೆ ಗಾಳಿಯಲ್ಲಿ ಮೂಡಿ, ಧೂಳಿನಲ್ಲೇ ಕರಗಿದವು. ದಾವೆಗಾಗಿ ಆ ಓಣಿಯೆಲ್ಲ ಸುತ್ತಿದ್ದ ನಾನು ಸಾಕ್ಷಿಗಳೆಲ್ಲರನ್ನೂ ಗುರುತಿಸಿದೆ. ಇಬ್ಬರ ಬಾಯಿಂದಲೂ ಒಂದು ಹೆಸರೂ ಹೊರಬೀಳಲಿಲ್ಲ.

ಚೀಲದೊಳಗಿಂದ ಕೇಳುತ್ತಿದ್ದ ಸಾಹೇಬರೇ, ಇವತ್ತು ನಿಮಗೆ ಸೀರೆ ನೇಯುವ ಸದ್ದು ಸಿಕ್ಕಿದೆ. ಕೋರ್ಟಿನ ಕಾಗದ ತಂದರೆ ಸೀರೆಯನ್ನೂ ತೋರಿಸುತ್ತೇವೆ.