ಕಾಶಿಗೆ ಹೋಗುವ ಕಾರಿನ ಸೀಟು

ಅವ್ವನ ಅಂಗೈಯಲ್ಲಿ ದಿನಾ ಬೆಳಗಾಗುವ ಲಿಂಗಯ್ಯನಿಗೆ ಶರಣು.

ಮಂಡಿನೋವಿನ ಅವ್ವನನ್ನು ಮಸ್ಕಿಯಿಂದ ಕಾಶಿಗೆ ಕಾರಿನಲ್ಲೇ ಕರೆದೊಯ್ಯಬೇಕಿತ್ತು. ನಸುಕಿನ ಲಿಂಗಪೂಜೆಯನ್ನು ಆಕೆ ದಾರಿಯಲ್ಲಿ ಸೀಟಿನ ಮೇಲೆ ಕೂತೇ ಮಾಡಬೇಕು. ಲಿಂಗಸುಗೂರಿನಲ್ಲಿ ನೋಡಿದ ಬಾಡಿಗೆ ಕಾರಿನದು ಬಟ್ಟೆಯ ಸೀಟು, ಚೆಂದವಿತ್ತು. ಆದರೆ ಕಾಲು ಚಾಚಲು ಜಾಗವಿರಲಿಲ್ಲ. ಸಿಂಧನೂರಿನ ಕಾರು ದೊಡ್ಡದು, ಸೀಟು ಮಂಚದಂತೆ ಹಿಂದಕ್ಕೆ ಒರಗುತ್ತಿತ್ತು.

“ಒಳಗ ಕುಂತು ನೋಡ್ರಿ ಅವ್ವಾರ, ಅಸಲಿ ಚರ್ಮ ಐತಿ,” ಎಂದ ಮಾಲೀಕ.

ಅವ್ವ ಎತ್ತಿದ ಕಾಲನ್ನು ಕೆಳಗಿಟ್ಟಳು. “ಚರ್ಮದ ಮ್ಯಾಲೆ ಕುಂತು ಲಿಂಗಪೂಜಿ ಹೆಂಗ ಮಾಡ್ಲಿ ತಮ್ಮಾ? ಲಿಂಗಸುಗೂರಿಂದೇ ಇರ್ಲಿ. ಮಂಡಿ ನೋವಾದ್ರ ಆಗ್ಲಿ.”

ಮದುವೆಗೆಂದು ಅದೇ ಕಾರನ್ನು ಗೊತ್ತು ಮಾಡಲು ಬಂದ ಹಿರಿಯರೊಬ್ಬರು ಪಕ್ಕದಲ್ಲೇ ಕೂತಿದ್ದರು. ಮಾಲೀಕ ಅವರತ್ತ ಒಮ್ಮೆ ನೋಡಿ, ಅವ್ವನ ಕಿವಿಯ ಹತ್ತಿರ ಬಾಗಿ, “ನಿಮ್ಮ ಲಿಂಗದ ಆಣಿ ಅವ್ವಾರ, ಇದು ಬರೇ ರೆಕ್ಸಿನ್,” ಎಂದು ಪಿಸುಗುಟ್ಟಿದ.

ಅವ್ವನಿಗೆ ಕಿವಿ ಮಂದ. “ಏನಂದಿ? ರೆಕ್ಸಿನ್ನಾ?” ಎಂದಳು, ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ.

ಹಿರಿಯರು ಎದ್ದು ಬಂದರು. “ಏನ್ರೀ ಸಾವ್ಕಾರ್ರ, ನಮ್ಮ ಮುಂದ ಅಸಲಿ ಅಂದಿದ್ರಲ್ಲ?”

“ಅಸಲೀನ ರೀ,” ಎಂದ ಮಾಲೀಕ, “ಅಸಲಿ ರೆಕ್ಸಿನ್.”

ಅಷ್ಟರಲ್ಲಿ ಅವ್ವ ಒಳಗೆ ಕೂತು ಕಾಲು ಚಾಚಿಯಾಗಿತ್ತು. ಶಿವನೇನೋ ಆ ಮಾಲೀಕನ ಬಾಯಿಂದ ನಿಜವನ್ನು ಮೆಲ್ಲಗೇ ಹೇಳಿಸಿದ್ದ, ಗದ್ದಲ ನಮ್ಮವ್ವನದು. ಇದನ್ನು ಕೇಳಿದ ನಿಮಗೆಲ್ಲ ದೂರದ ದಾರಿಯಲ್ಲಿ ಕಾಲು ಚಾಚುವಷ್ಟು ಜಾಗವನ್ನು ಆತ ಕರುಣಿಸಲಿ.