ಆರ್ಲೀನ್ ಡಟ್ರೋ ಸುತ್ತಿದ ತಂತಿ

ಆರ್ಲೀನ್ ಡಟ್ರೋ ತೀರಿಕೊಂಡಾಗ ಊರಿನ ಪತ್ರಿಕೆ ಆಕೆಯನ್ನು ‘ಪ್ರಯೋಗಾಲಯದ ಗುಮಾಸ್ತೆ’ ಎಂದು ಬರೆಯಿತು. ಇದು ತಪ್ಪು. ಗುರು ಗ್ರಹದ ಕಾಂತಕ್ಷೇತ್ರವನ್ನು ಅಳೆದ ನೌಕೆಯ ಎರಡೂ ಕಾಂತಮಾಪಕಗಳಿಗೆ ಕೂದಲಿಗಿಂತ ತೆಳುವಾದ ತಂತಿಯನ್ನು ಕೈಯಿಂದಲೇ ಸುತ್ತಿದವಳು ಆಕೆ. ಪಕ್ಕದ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ನಾನು ಇದನ್ನು ದಾಖಲಿಸಲೇಬೇಕಾಗಿದೆ.

ಮೇರಿಲ್ಯಾಂಡಿನ ಕಾಡಿನಂಚಿನಲ್ಲಿದ್ದ ನಮ್ಮ ಪರೀಕ್ಷಾಗೃಹದಲ್ಲಿ ಕಬ್ಬಿಣದ ಒಂದು ಮೊಳೆಯೂ ಇರಲಿಲ್ಲ; ಕಬ್ಬಿಣ ಹತ್ತಿರವಿದ್ದರೆ ಮಾಪಕದ ಅಳತೆ ಕೆಡುತ್ತದೆ. ಗೋಡೆ ಮರದ್ದು, ಮೊಳೆ ತಾಮ್ರದ್ದು. ಒಳಹೋಗುವವರು ಬೀಗದಕೈ, ಗಡಿಯಾರ, ಬೆಲ್ಟುಗಳನ್ನು ಬಾಗಿಲಲ್ಲೇ ಬುಟ್ಟಿಗೆ ಹಾಕಬೇಕಿತ್ತು. ಪ್ಯಾಂಟು ಹಿಡಿದುಕೊಂಡು ನಡೆಯುವ ನನ್ನನ್ನು ಕಂಡರೆ ಆರ್ಲೀನ್, “ಏನ್ ವೆಂಡೆಲ್, ಇವತ್ತೂ ಹೆಂಡ್ತಿ ಒಂದು ದಾರ ಕೊಡ್ಲಿಲ್ವಾ?” ಎನ್ನುತ್ತಿದ್ದಳು.

ನೌಕೆ ಹಾರಿದ ಎರಡನೆಯ ತಿಂಗಳಲ್ಲಿ ಅಳತೆಗಳಲ್ಲಿ ಬದಲಾಗದ ಒಂದು ದೋಷ ಕಂಡಿತು. ಮಾಪಕವೇ ಸರಿಯಿಲ್ಲ ಎಂದರು ಮೇಲಧಿಕಾರಿಗಳು. ಆರ್ಲೀನ್ ವಾದಿಸಲಿಲ್ಲ. ಮಧ್ಯಾಹ್ನದ ಊಟದಲ್ಲಿ ನನಗೆ ಹೇಳಿದಳು:

“ಕೊನೇ ಪರೀಕ್ಷೆ ದಿನ ನನ್ನ ತುರುಬಲ್ಲಿ ಒಂದು ಹೇರ್‌ಪಿನ್ ಉಳ್ಕೊಂಡಿತ್ತು ಕಣೋ. ಮನೇಲಿ ಕೂದಲು ಬಿಚ್ಚಿದಾಗ ಸಿಕ್ತು. ಅವತ್ತು ಮಾಪಕಕ್ಕೆ ಗುರುತಿಸಿದ ಸೊನ್ನೇನೇ ತಪ್ಪಿರ್ಬೇಕು.”

“ಉಕ್ಕಿನದಾ?”

“ಮತ್ತೆ, ಬೆಣ್ಣೇದಾ?”

“ಯಾರಿಗಾದ್ರೂ ಹೇಳಿದ್ಯಾ?”

“ನಿಂಗೆ ಹೇಳ್ತಾ ಇದೀನಲ್ಲ.”

ಆ ವಾರವೇ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಳು. ನಿವೃತ್ತಳಾದ ಮೇಲೂ ಸಂಜೆ ಅಂಗಳಕ್ಕೆ ಬಂದು ಗುರುವನ್ನು ಹುಡುಕುತ್ತಿದ್ದಳು. ತನ್ನ ತಂತಿ ಅಲ್ಲಿ ನಿಜ ನುಡಿಯುತ್ತಿದೆಯೇ? ಅದೊಂದನ್ನು ತಿಳಿಯಲು ಆಕೆಯ ಜೀವ ಹಂಬಲಿಸುತ್ತಿತ್ತು.

ಉತ್ತರ ಬಂದದ್ದು ಆಕೆ ಕೂದಲು ಕತ್ತರಿಸಿಕೊಂಡ ಆರು ವರ್ಷ ಹತ್ತು ತಿಂಗಳ ನಂತರ, ವರದಿಯೊಂದರ ನಲವತ್ತೊಂದನೆಯ ಪುಟದಲ್ಲಿ. ಮಾಪಕಗಳಲ್ಲೊಂದು ನೌಕೆಯಿಂದ ಚಾಚಿದ ಉದ್ದನೆಯ ಕೋಲಿನ ತುದಿಯಲ್ಲಿತ್ತು, ಇನ್ನೊಂದು ಅದರ ನಡುವೆ. ನಡುವಿನದರಲ್ಲಿ ದೋಷ ತುದಿಯದರ ಸುಮಾರು ಎಂಟು ಪಟ್ಟು. ದೂರ ಹೋದಂತೆ ಹೀಗೆ ಕುಗ್ಗುವುದು ನೌಕೆಯ ಒಡಲಿನ ಕಾಂತತೆ. ಪಿನ್ನಿನಿಂದಾದ ತಪ್ಪು ಹೀಗೆ ದೂರವನ್ನು ಅನುಸರಿಸದು. ಆ ದೋಷವನ್ನು ಕಳೆದರೆ ಅಳತೆಗಳೆಲ್ಲ ಸರಿ. ಇದನ್ನು ಆಕೆಗೆ ತಿಳಿಸಬೇಕೆಂದು ಒಬ್ಬ ಅಧಿಕಾರಿಗೂ ತೋಚಲಿಲ್ಲ. ನಾನೇ ಫೋನ್ ಮಾಡಿ ಆ ಪುಟವನ್ನು ಎರಡು ಸಲ ಓದಿದೆ.

ಆಕೆ ಪುಟದ ಸಂಖ್ಯೆ ಕೇಳಿ ಬರೆದುಕೊಂಡಳು.

“ಹಾಗಾದ್ರೆ ಇಷ್ಟು ವರ್ಷ ಕೂದಲು ಬೆಳೆಸ್ಬಹುದಿತ್ತು, ವೆಂಡೆಲ್.”

ಅಂತಿಮ ದರ್ಶನಕ್ಕೆ ಹೋದಾಗ ನೋಡಿದೆ. ಬಿಳಿಯ ಕೂದಲು ಭುಜ ಮುಟ್ಟಿತ್ತು, ಒಂದು ಬದಿಗೆ ಉಕ್ಕಿನ ಪಿನ್ನು ಸಿಕ್ಕಿಸಿತ್ತು. ಪತ್ರಿಕೆ ಅದನ್ನೂ ಬರೆಯಲಿಲ್ಲ.