ಇನ್ನೊಬ್ಬನ ಹೆಸರಿನಲ್ಲಿ ಹೊಡೆದ ಗೋಲು

ಮಾಮನ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳೊಡನೆ ಜಗಳವಾಡಿ ಬೇರೆ ಮನೆ ಮಾಡಿದಂತೆ ಹೊರಕ್ಕೆ ತಿರುಗಿಕೊಂಡಿತ್ತು. ಅದಕ್ಕೆ ಉಗುರಿರಲಿಲ್ಲ. ಯಾವ ಚಪ್ಪಲಿಯೂ ಆ ಕಾಲಿಗೆ ಒಗ್ಗದ ಕಾರಣ ಹಣದ ಗಲ್ಲೆಯಲ್ಲಿ ಕೂತ ಕೂಡಲೇ ಅವರು ಚಪ್ಪಲಿ ಕಳಚಿಡುತ್ತಿದ್ದರು. ನಮ್ಮದು ಡೊಂಬಿವಲಿ ಸ್ಟೇಷನ್ ಪಕ್ಕದ ಸಣ್ಣ ಹೋಟೆಲು. ಬೆಳಿಗ್ಗೆ ನಿಂತೇ ಚಹಾ ಕುಡಿಯುವವರು ಖಾಲಿ ಲೋಟವನ್ನು ಗಲ್ಲೆಯ ಅಂಚಿಗೆ ಇಟ್ಟು ಫಾಸ್ಟ್ ಲೋಕಲ್ ಹಿಡಿಯಲು ಓಡುವರು. ಅಂಚಿಗಿಟ್ಟ ಸ್ಟೀಲ್ ಲೋಟ ಬೀಳದೆ ಇರುತ್ತದೆಯೇ? ಲೋಟ ಜಾರುತ್ತಿತ್ತು. ಮಾಮ ಗಿರಾಕಿಗೆ ಚಿಲ್ಲರೆ ಕೊಡುತ್ತಲೇ, ಕೆಳಗೆ ನೋಡದೆಯೇ, ಬಲಗಾಲನ್ನು ಒಂದಿಷ್ಟು ಚಾಚುತ್ತಿದ್ದರು. ಲೋಟ ಅವರ ಪಾದದ ಮೇಲೆ ಬಂದು ಕೂರುತ್ತಿತ್ತು. ಟಣ್ ಎಂದು ಒಂದು ಸದ್ದೂ ಇಲ್ಲ.

ಆ ಹೋಟೆಲನ್ನು ನಾನು ಕೊಂಡದ್ದು ಎರಡು ಸಾವಿರದ ದಶಕದ ಆರಂಭದ ವರ್ಷಗಳಲ್ಲಿ. ಮೇಜು, ಕುರ್ಚಿ, ಗ್ರೈಂಡರ್, ಹಳೆಯ ಫ್ರಿಜ್ಜು ಎಲ್ಲದಕ್ಕೂ ಒಂದೊಂದಾಗಿ ಚೌಕಾಸಿ ಮಾಡಿದ್ದೆ. ಕೊನೆಗೆ ಹಳೆಯ ಮಾಲೀಕರು, ಗಲ್ಲೆಯಲ್ಲಿರುವ ಮುದುಕ ಎಲ್ಲಿಗೂ ಹೋಗುವುದಿಲ್ಲ, ಹೋಟೆಲಿನ ಜೊತೆ ಅವನೂ ಬರುತ್ತಾನೆ ಎಂದರು. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಲೋಟ ಬಿತ್ತು, ಸದ್ದಾಗಲಿಲ್ಲ. ಬಾಯಿ ಮುಚ್ಚಿದೆ. ವ್ಯಾಪಾರ ಕಲಿಯುವವರಿಗೆ ಒಂದು ಮಾತು ಹೇಳುತ್ತೇನೆ: ಅಂಗಡಿ ಕೊಳ್ಳುವಾಗ ಗೋಡೆ, ಛಾವಣಿ ನೋಡುವ ಮೊದಲು ಗಲ್ಲೆಯಲ್ಲಿ ಕೂತವನ ಕೈಕಾಲು ನೋಡಿ.

ಆಗಲೇ ಮಾಮನ ವಯಸ್ಸು ಎಪ್ಪತ್ತರ ಹತ್ತಿರ. ಊರು ಉಡುಪಿಯ ಆಚೆ, ಕಡಲ ಬದಿ. ಭಟ್ಟರಿಂದ ಹಿಡಿದು ಪೇಪರ್ ಹಾಕುವವನವರೆಗೆ ಎಲ್ಲರಿಗೂ ಅವರು ಮಾಮ. ಒಂದೇ ಮೇಜಿನ ಬಳಿ ಮಾತಾಡುತ್ತ ನಿಂತ ವೇಟರಿಗೆ, "ಎಷ್ಟು ಹೊತ್ತು ಬಾಲ್ ಹಿಡ್ಕೊಂಡು ನಿಲ್ತಿ ಮಾರಾಯ? ಕೊಟ್ಟು ಮುಂದೆ ಹೋಗು" ಎನ್ನುತ್ತಿದ್ದರು. ಅವರ ಇನ್ನೊಂದು ಮಾತನ್ನು ನಾನು ಇಂದಿಗೂ ಹೊಸ ಕೆಲಸಗಾರರಿಗೆಲ್ಲ ಹೇಳುತ್ತೇನೆ: "ಪಾಸು ಕೊಟ್ಟು ನಿಂತವ ಆಟಗಾರ ಅಲ್ಲ, ಅವ ಗಿರಾಕಿ."

ಇಷ್ಟೆಲ್ಲ ಕೇಳಿಯೂ ಅವರು ದೊಡ್ಡ ಆಟಗಾರರೆಂದು ನನಗೆ ತಿಳಿಯಲು ಕೆಲವು ವರ್ಷ ಬೇಕಾಯಿತು. ಅದೂ ಒಂದು ಮಳೆಗಾಲದಲ್ಲಿ ಲೋಕಲ್ ನಿಂತು, ಗಿರಾಕಿ ಇಲ್ಲದ ಮಧ್ಯಾಹ್ನ ನಾವಿಬ್ಬರೇ ಕೂತಿದ್ದಾಗ. ಹೆಬ್ಬೆರಳಿಗೆ ಏನಾಯಿತು ಮಾಮ ಎಂದು ಕೇಳಿದೆ. "ಅದು ಗೋಲು" ಎಂದರು. ಆಮೇಲೆ ಕಥೆ ಬಂತು.

ಹದಿಹರೆಯದಲ್ಲಿ ಮುಂಬಯಿಗೆ ಬಂದು ಫೋರ್ಟ್ ಕಡೆಯ ಹೋಟೆಲಿಗೆ ಸೇರಿದವರು ಅವರು. ಹಗಲು ಕೆಲಸ, ಸಂಜೆಯ ಮೇಲೆ ಕನ್ನಡ ರಾತ್ರಿಶಾಲೆ. ಊಟದ ಗದ್ದಲ ಮುಗಿದು ಚಹಾದ ಗದ್ದಲ ಶುರುವಾಗುವ ನಡುವೆ ಹೋಟೆಲಿನವರಿಗೆ ಒಂದು ಬಿಡುವು ಸಿಗುತ್ತದೆ. ಉಳಿದವರು ಆಗ ಚಾಪೆ ಹಾಸಿದರೆ, ಇವರೊಂದಷ್ಟು ಜನ ಉರಿಬಿಸಿಲಿನಲ್ಲಿ ಮೈದಾನಕ್ಕೆ ಓಡುತ್ತಿದ್ದರು. ಕಾಲಿಗೆ ಬೂಟಿಲ್ಲ, ಪಾದಕ್ಕೆ ಸುತ್ತಿದ ಬಟ್ಟೆಯ ಪಟ್ಟಿ ಅಷ್ಟೆ. ಹೀಗೆ ಕಟ್ಟಿದ ರಾತ್ರಿಶಾಲೆಯ ತಂಡ ಗಿರಣಿಗಳ, ಬ್ಯಾಂಕುಗಳ ಬೂಟುಗಾಲಿನ ತಂಡಗಳ ಎದುರು ಆಡಿತು. ಗೆದ್ದಿತು ಕೂಡ.

ಆದರೆ ಆ ತಂಡದಲ್ಲೊಂದು ಪದ್ಧತಿಯಿತ್ತು. ಸೀಸನ್ನಿನ ಮೊದಲೇ ಟೂರ್ನಿಯವರಲ್ಲಿ ಆಟಗಾರರ ಹೆಸರು ಬರೆಸಬೇಕು. ಹೋಟೆಲಿನಲ್ಲಿ ಯಾರಿಗೆ ಯಾವ ದಿನ ಬಿಡುವು ಸಿಗುತ್ತದೆಂದು ಧನಿಗೇ, ಅಂದರೆ ಮಾಲೀಕರಿಗೇ, ಗೊತ್ತಿರುತ್ತಿರಲಿಲ್ಲ. ಹಾಗಾಗಿ ಅಂದು ಯಾರು ಬಿಡಿಸಿಕೊಂಡು ಬಂದರೋ ಅವರು, ಬರೆಸಿದ ಯಾವುದೋ ಹೆಸರಿನಲ್ಲಿ ಆಡುತ್ತಿದ್ದರು. ಮಾಮನ ಹೆಸರನ್ನು ಯಾರೂ ಬರೆಸಿರಲೇ ಇಲ್ಲ. ಅವರ ಹೋಟೆಲಿನ ದೋಸೆ ಭಟ್ಟರ ಹೆಸರು ಇತ್ತು. ಭಟ್ಟರಿಗೆ ಆಟದ ಮೋಹ ಬೇಕಾದಷ್ಟಿತ್ತು, ಕಾಲು ಮಾತ್ರ ಓಡುತ್ತಿರಲಿಲ್ಲ. ನನ್ನ ಹೆಸರಿನಲ್ಲಿ ನೀನು ಆಡು, ನಿನ್ನ ಪಾಳಿಯನ್ನು ನಾನು ಮಾಡುತ್ತೇನೆ ಎಂದು ಅವರೇ ಹೇಳಿದರಂತೆ. ಸೀಸನ್ ಸೀಸನ್ ಹೀಗೇ ನಡೆಯಿತು. ಗಿರಣಿಯೊಂದರ ತಂಡದ ಎದುರಿನ ಫೈನಲಿನಲ್ಲಿ ಮಾಮ ಗೋಲು ಹೊಡೆದಾಗ ಎದುರಿನ ಗೋಲ್‌ಕೀಪರನ ಬೂಟು ಮಾಮನ ಹೆಬ್ಬೆರಳ ಮೇಲೆ ಬಿತ್ತು. ತಂಡಕ್ಕೆ ಕಪ್ ಬಂತು, ಪೇಪರಿನಲ್ಲಿ ಸುದ್ದಿ ಬಂತು. ಗೋಲು ಹೊಡೆದವರು ದೋಸೆ ಭಟ್ಟರು.

"ಪೇಪರ್ ಓದಿ ಅವ ದೋಸೆ ಕಲ್ಲಿನ ಮುಂದೆ ನಿಂತು ನಗಾಡಿದ್ದೇ ನಗಾಡಿದ್ದು" ಎಂದರು ಮಾಮ. "ಏನ್ ಶಾಟ್ ಹೊಡ್ದೆ ನಾನು, ನೋಡ್ಬೇಕಿತ್ತು ನೀನು ಅಂತ ನನಗೇ ಹೇಳ್ತಾನೆ."

ಎಷ್ಟೋ ವರ್ಷಗಳ ಮೇಲೆ, ನಾನು ಖಾರಘರದಲ್ಲಿ ಎರಡನೆಯ ಹೋಟೆಲು ತೆರೆದ ಕಾಲಕ್ಕೆ, ಅಲ್ಲಿನ ಹೊಸ ಮೈದಾನವೊಂದರ ಸಮಿತಿಯವರು ಗೌರವದ ಗೋಡೆ ಕಟ್ಟಿಸಲು ಹೊರಟರು. ಮುಂಬಯಿ, ಠಾಣೆ ಭಾಗದ ಫುಟ್‌ಬಾಲಿನ ಹಿಂದಿನ ತಲೆಮಾರಿನವರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಸುವುದು, ಮರೆತವರನ್ನು ಹುಡುಕಿ ಸೇರಿಸುವುದು ಅವರ ಯೋಜನೆ. ಸಮಿತಿಯ ಮುಖ್ಯಸ್ಥರು ನಿವೃತ್ತ ಅಧಿಕಾರಿ, ಮರಾಠಿಯವರು. ನಮ್ಮ ಹೋಟೆಲಿಗೆ ಸಾಬುದಾಣಾ ವಡೆಗೆ ಬರುತ್ತಿದ್ದ ಅವರನ್ನು ನಾವು ಸಾಹೇಬರೆಂದೇ ಕರೆಯುತ್ತಿದ್ದೆವು. ಉದ್ಘಾಟನೆಯ ತಿಂಡಿ ನನ್ನದು, ಬದಲಿಗೆ ಗೋಡೆಯ ಕೆಳಸಾಲಿನಲ್ಲಿ ನನ್ನ ಹೋಟೆಲಿನ ಹೆಸರು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಆ ಸಾಲನ್ನು ಪಡೆಯಲು ನಾನು ಎಷ್ಟು ಸಲ ಚಹಾ ಕುಡಿಸಿದ್ದೆನೋ.

ಮಾಮನ ಮಾತೆತ್ತಿದಾಗ ಸಾಹೇಬರು ಮೃದುವಾಗಿಯೇ ಹೇಳಿದರು: ರಾತ್ರಿಶಾಲೆಯ ತಂಡಕ್ಕೆ ಒಂದು ಸಾಲು ಇಟ್ಟಿದ್ದೇವೆ, ಫೈನಲಿನ ಗೋಲು ಹೊಡೆದವರ ಹೆಸರೂ ಹಳೆಯ ಪೇಪರಿನಲ್ಲಿ ಸಿಕ್ಕಿದೆ, ಅದು ನಿಮ್ಮ ಮಾಮನದಲ್ಲ. ನಾನು ಪದ್ಧತಿಯನ್ನು ವಿವರಿಸಿದೆ. ಅದಕ್ಕೆ ಸಾಕ್ಷಿ ಯಾರು ಎಂದರು. ದೋಸೆ ಭಟ್ಟರು ತೀರಿಹೋಗಿದ್ದರು. ತಂಡದ ಉಳಿದವರು ಎಲ್ಲಿದ್ದರೆಂದು ಮಾಮನಿಗೂ ತಿಳಿದಿರಲಿಲ್ಲ. ನಮ್ಮ ಕಡೆಯವರಿಲ್ಲದಿದ್ದರೆ ಏನಂತೆ, ಎದುರು ಕಡೆಯವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಆ ಗಿರಣಿ ತಂಡದ ಗೋಲ್‌ಕೀಪರ್ ಕಲ್ಯಾಣದಲ್ಲಿ ಮಗನ ಮನೆಯಲ್ಲಿದ್ದಾರೆ, ಗೋಡೆಯಲ್ಲಿ ಅವರ ಹೆಸರೂ ಇದೆ ಎಂದರು ಸಾಹೇಬರು. ನನ್ನದು ಇನ್ನೊಂದು ಮಾತು: ಸಾಕ್ಷಿ ಬೇಕಾದಾಗ ಎದುರಾಳಿಯನ್ನು ಹುಡುಕಿ. ಸೋತವನಿಗೆ ಇರುವಷ್ಟು ನೆನಪು ಗೆದ್ದವನಿಗಿರುವುದಿಲ್ಲ.

ಒಂದು ಆದಿತ್ಯವಾರ ಮಾಮನನ್ನೂ ಸಾಹೇಬರನ್ನೂ ಕರೆದುಕೊಂಡು ಕಲ್ಯಾಣಕ್ಕೆ ಹೋದೆ. ಮಾಮನಿಗೆ ಮನಸ್ಸಿರಲಿಲ್ಲ. ಗೋಡೆ ಇಲ್ಲದೆ ಇಷ್ಟು ವರ್ಷ ಬದುಕಲಿಲ್ಲವೇ ಎಂದು ದಾರಿಯುದ್ದಕ್ಕೂ ಗೊಣಗಿದರು. ಆದರೂ ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಅದನ್ನು ನಾನು ಗಮನಿಸಿದ್ದೆ.

ಗೋಲ್‌ಕೀಪರ್ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ದಪ್ಪ ಕನ್ನಡಕ, ಮೊರದಗಲ ಅಂಗೈ. ಸಾಹೇಬರು ವಿಷಯ ಹೇಳಿದರು. ಮುದುಕರು ಮಾಮನ ಮುಖವನ್ನು ಬಹಳ ಹೊತ್ತು ನೋಡಿ ಇಲ್ಲವೆಂದು ತಲೆಯಾಡಿಸಿದರು. ನಾನು ತಂದಿದ್ದ ಪೇಢೆಯ ಪೊಟ್ಟಣವನ್ನು ಮತ್ತೆ ಚೀಲಕ್ಕೆ ಸೇರಿಸಿದೆ. ಆಗ ಅವರು ಅಂದರು:

"ಚೆಹರಾ ಆಠವತ ನಾಹೀ. ಪಾಯ ದಾಖವ."

ಮುಖ ನೆನಪಿಲ್ಲ, ಕಾಲು ತೋರಿಸು. ಮಾಮ ಚಪ್ಪಲಿ ಬಿಟ್ಟು ಬಲಗಾಲನ್ನು ಮುಂದಿಟ್ಟರು. ಗೋಲ್‌ಕೀಪರ್ ಕುರ್ಚಿಯಿಂದ ಬಗ್ಗಿ ಆ ಹೆಬ್ಬೆರಳನ್ನು ತಮ್ಮ ದೊಡ್ಡ ಕೈಯಲ್ಲಿ ಹಿಡಿದುಕೊಂಡರು. ಇದು ನನ್ನ ಬೂಟಿನ ಕೆಲಸ ಎಂದರು. ಬೆರಳು ಮುರಿದ ಮೇಲೂ ಇವನು ಆಟ ಮುಗಿಯುವವರೆಗೆ ಓಡಿದ, ಮರುದಿನ ಪೇಪರಿನಲ್ಲಿ ಬಂದ ಹೆಸರು ಯಾರದೋ ಗೊತ್ತಿಲ್ಲ, ನನ್ನನ್ನು ಸೋಲಿಸಿದ ಕಾಲು ಇದೇ ಎಂದರು. ಹೆಸರು ಬದಲಿಸಿ ಆಡುವುದು ನಿಯಮಕ್ಕೆ ವಿರುದ್ಧವಲ್ಲವೇ ಎಂದು ಸಾಹೇಬರು ಮೆಲ್ಲಗೆ ಕೇಳಿದರು. ಗೋಲ್‌ಕೀಪರ್ ನಕ್ಕುಬಿಟ್ಟರು. ಗಿರಣಿಯಲ್ಲೂ ಪಾಳಿ ಬದಲಾಗುತ್ತಿತ್ತು, ನಮ್ಮಲ್ಲೂ ಅದನ್ನೇ ಮಾಡುತ್ತಿದ್ದೆವು ಎಂದರು.

ಸಾಹೇಬರು ಅಲ್ಲೇ ಒಪ್ಪಿದರು. ದೋಸೆ ಭಟ್ಟರ ಹೆಸರು ತೆಗೆದು ಮಾಮನ ಹೆಸರು ಹಾಕಿಸೋಣ ಎಂದರು. ಕೆಲಸ ಕೈಗೂಡಿತೆಂದು ನಾನು ಪೇಢೆಯ ಪೊಟ್ಟಣ ಬಿಚ್ಚುತ್ತಿದ್ದೆ. ಮಾಮ ಚಪ್ಪಲಿ ಹಾಕಿಕೊಂಡರು.

"ಅವನ ಹೆಸರು ತೆಗೆದು ನನ್ನದು ಹಾಕೋದಾದ್ರೆ ಬೇಡ ಧನಿ" ಎಂದರು. ಸಿಟ್ಟು ಬಂದಾಗ ಮಾತ್ರ ಅವರು ನನ್ನನ್ನು ಧನಿ ಎನ್ನುತ್ತಿದ್ದರು. "ನಾನು ಬಿಸಿಲಲ್ಲಿ ಓಡಿದೆ. ಅವ ನನ್ನ ಪಾಳಿಯನ್ನೂ ಸೇರಿಸಿ ದೋಸೆ ಕಲ್ಲಿನ ಮುಂದೆ ಬೆಂದ. ಅವ ನಿಲ್ಲದೆ ಇದ್ರೆ ನಾನು ಓಡ್ಲಿಕ್ಕೆ ಉಂಟಾ?"

ಗೋಡೆಯ ಕಲ್ಲಿನ ಅಳತೆ ಮುಗಿದಿದೆ, ಒಂದು ಗೋಲಿಗೆ ಒಂದೇ ಹೆಸರು, ಇನ್ನೊಂದು ಸಾಲಿಗೆ ಜಾಗವಿಲ್ಲ ಎಂದು ಸಾಹೇಬರು ಕೈಚೆಲ್ಲಿದರು. ಮಾಮ ಆಗಲೇ ಮೆಟ್ಟಿಲಿಳಿಯುತ್ತಿದ್ದರು. ಆ ಬೆನ್ನು ನೋಡಿದರೆ ಅವರು ಮತ್ತೆ ಬರುವವರಲ್ಲ ಎಂದು ತಿಳಿಯುತ್ತಿತ್ತು.

ಚೌಕಾಸಿಯಲ್ಲಿ ನನ್ನ ಸೂತ್ರ ಇಷ್ಟೆ: ಎದುರಿನವನು ಏನು ಬಿಡಬಲ್ಲ ಎಂದು ನೋಡು, ಅದನ್ನೇ ಕೇಳು. ಅಂದು ಎಷ್ಟು ಹುಡುಕಿದರೂ ಸಾಹೇಬರ ಬಳಿ ಬಿಡಲು ಏನೂ ಇರಲಿಲ್ಲ. ಇದ್ದದ್ದು ನನ್ನ ಬಳಿ. ನನ್ನ ಹೋಟೆಲಿನ ಸಾಲು ಅಲ್ಲಿದೆಯಲ್ಲ, ಅದನ್ನು ಅಳಿಸಿ ಈ ಇಬ್ಬರಿಗೆ ಕೊಡಿ ಎಂದೆ. ಸಾಹೇಬರು ನನ್ನನ್ನು ಎರಡು ಸಲ ನೋಡಿದರು. ತಿಂಡಿ ಬರುತ್ತದೆಯಲ್ಲ ಎಂದು ಕೇಳಿದರು. ಬರುತ್ತದೆ ಎಂದೆ.

ಮಾಮನನ್ನು ಮೆಟ್ಟಿಲಲ್ಲೇ ತಡೆದು, ಏನು ಬರೆಸಬೇಕೆಂದು ಕೇಳಿದೆವು. ಗೋಲು ಹೊಡೆದವರು ಎಂದು ತಮ್ಮ ಹೆಸರು, ಪಾಳಿ ಮಾಡಿದವರು ಎಂದು ಭಟ್ಟರ ಹೆಸರು ಎಂದರು. ಪಾಳಿ ಮಾಡುವುದು ಫುಟ್‌ಬಾಲಿನಲ್ಲಿ ಯಾವ ಸ್ಥಾನ ಎಂದು ಸಾಹೇಬರು ನಗುತ್ತ ಕೇಳಿದರು.

"ಗೋಲ್‌ಕೀಪರನ ಹಿಂದೆ ಸಾಹೇಬ್" ಎಂದರು ಮಾಮ. "ಬಾಲ್ ಅಲ್ಲಿಗೆ ಬರೋದೇ ಇಲ್ಲ. ಆದ್ರೂ ಒಬ್ಬ ನಿಲ್ಲಬೇಕು."

ಉದ್ಘಾಟನೆಯ ದಿನ ಖಾರಘರದ ಗುಡ್ಡದ ಮೇಲಿನ ಮಳೆಗಾಲದ ಹಸಿರು ಇನ್ನೂ ಆರಿರಲಿಲ್ಲ. ಮಾಮ ಗೋಡೆಯ ಹತ್ತಿರ ಹೋಗುವ ಮೊದಲು, ದೇವಸ್ಥಾನದ ಹೊರಗೆ ಬಿಡುವಂತೆ, ಚಪ್ಪಲಿಯನ್ನು ಹುಲ್ಲಿನ ಮೇಲೆ ಬಿಟ್ಟರು. ಕೆಳಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ತಮ್ಮ ಹೆಸರಿನ ಮೇಲೆ ಅವರ ಕಣ್ಣು ನಿಲ್ಲಲಿಲ್ಲ. ಭಟ್ಟರ ಹೆಸರನ್ನು ಬೆರಳಿನಿಂದ ಸವರಿ, "ಈಗ ನಗಾಡು" ಎಂದು ತುಳುವಿನಲ್ಲಿ ಹೇಳಿದರು. ಕಲ್ಯಾಣದ ಗೋಲ್‌ಕೀಪರ್ ಮೊದಲ ಸಾಲಿನ ಕುರ್ಚಿಯಿಂದಲೇ ಚಪ್ಪಾಳೆ ಹೊಡೆದರು. ಆ ಅಂಗೈಗಳ ಸದ್ದು ಮೈದಾನದ ಆಚೆ ತುದಿಗೂ ಕೇಳಿರಬೇಕು. ನಾನು ಉಪ್ಪಿಟ್ಟಿನ ಪಾತ್ರೆಯ ಹಿಂದೆ ನಿಂತಿದ್ದೆ. ಒಳ್ಳೆಯ ಜಾಗವೇ ಸಿಕ್ಕಿತ್ತು ನನಗೆ.

ಅದಾಗಿ ಎರಡು ಮಳೆಗಾಲ ಕಳೆದ ಮೇಲೆ ಮಾಮ ತೀರಿಕೊಂಡರು. ಹಿಂದಿನ ದಿನವೂ ಗಲ್ಲೆಗೆ ಬಂದಿದ್ದರು. ನೀವು ಆ ಕಡೆ ಹೋದರೆ ಗೋಡೆಯ ಮೇಲ್ಭಾಗದ ದೊಡ್ಡ ಅಕ್ಷರಗಳನ್ನು ಓದಿ, ತಪ್ಪಿಲ್ಲ. ಆದರೆ ಒಮ್ಮೆ ಬಗ್ಗಿ ಕೊನೆಯ ಸಾಲನ್ನೂ ಓದಿ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಎಲ್ಲ ವ್ಯಾಪಾರಗಳಲ್ಲಿ ಅದಕ್ಕಿಂತ ಲಾಭದ್ದು ಇನ್ನೊಂದಿಲ್ಲ.

ಗಲ್ಲೆಯಲ್ಲಿ ಈಗ ನಾನೇ ಕೂರುತ್ತೇನೆ. ಜನ ಇಂದಿಗೂ ಖಾಲಿ ಲೋಟವನ್ನು ಅಂಚಿಗಿಟ್ಟು ಲೋಕಲಿಗೆ ಓಡುತ್ತಾರೆ. ಲೋಟ ಜಾರಿದಾಗ ನಾನೂ ಕಾಲು ಚಾಚುತ್ತೇನೆ. ಪ್ರತಿ ಸಲವೂ ಸದ್ದಾಗುತ್ತದೆ.